ಯಂತ್ರ ಅಳೆಯಲಿ, ಗುರು ತಿದ್ದಲಿ

ಬ್ಯಾಡಗಿ ಮಾರುಕಟ್ಟೆಗೆ ಬಂದ ಮೆಣಸಿನಕಾಯಿಯನ್ನು ಎರಡು ಬಗೆಯಲ್ಲಿ ಪರೀಕ್ಷಿಸುತ್ತಾರೆ. ತೂಕ, ತೇವಾಂಶ, ಬಣ್ಣದ ಪ್ರಮಾಣ ಇವನ್ನೆಲ್ಲ ಉಪಕರಣಗಳು ಅಳೆದು ಅಂಕಿಯಲ್ಲಿ ಹೇಳುತ್ತವೆ. ಬಣ್ಣವನ್ನು ಅಳೆಯಲು 'ಆಸ್ಟಾ' ಎಂಬ ಮಾನವೇ ಇದೆ. ಆದರೂ ಪಳಗಿದ ವರ್ತಕ ಒಂದು ಹಿಡಿ ಕಾಯಿ ಕೈಗೆತ್ತಿಕೊಂಡು, ಸುಕ್ಕು ನೋಡಿ, ಮುರಿದು, ಮೂಸಿ ನೋಡಿದ ಮೇಲೆಯೇ ದರದ ಮಾತೆತ್ತುತ್ತಾನೆ. ಅಂಕಿ ಬೇಕು; ಅದನ್ನು ಓದಬಲ್ಲ ಕಣ್ಣೂ ಬೇಕು. ಮಕ್ಕಳಿಗೆ ಆಟ ಕಲಿಸುವ ಗುರುವನ್ನು ಹುಡುಕುವ ಪಾಲಕರಿಗೂ ಇದೇ ಮಾತು ಅನ್ವಯಿಸುತ್ತದೆ.

ಗಾಲ್ಫ್ ಆಟವನ್ನೇ ತೆಗೆದುಕೊಳ್ಳೋಣ. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಸನಿಹಕ್ಕೆ ಬಂದಾಗ, ಈ ಆಟದ ಗಂಧವೇ ಇಲ್ಲದವರೂ ಬೆಳಗಿನ ಜಾವ ಟಿವಿ ಮುಂದೆ ಕುಳಿತರು. ಕೇವಲ ಒಂದು ಹೊಡೆತದ ಅಂತರದಲ್ಲಿ ಪದಕ ಕೈತಪ್ಪಿ ಅವರು ನಾಲ್ಕನೆಯ ಸ್ಥಾನ ಪಡೆದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮಕ್ಕಳಿಗೆ ಗಾಲ್ಫ್ ಅಂಗಳ ಕೈಗೆಟುಕುವ ದೂರದಲ್ಲಿಲ್ಲ. ಕಲಿಯುವ ಆಸೆ ಹುಟ್ಟಿದರೆ ರೈಲು ಹತ್ತಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರದ ಬೆಂಗಳೂರಿಗೇ ಹೋಗಬೇಕು. ಅಲ್ಲಿ ಕಂಪ್ಯೂಟರ್, ರಾಡಾರ್, ಕ್ಯಾಮೆರಾ ಇಟ್ಟುಕೊಂಡು 'ಸ್ವಿಂಗ್ ಅನಾಲಿಸಿಸ್' ಮಾಡುವ ತರಬೇತುದಾರರಿದ್ದಾರೆ. ಅವರಲ್ಲಿ ಯಾರನ್ನು ಆರಿಸಬೇಕು? ದೂರದ ಊರಿನ ಪಾಲಕರಿಗೆ ಹಣವೂ ಸಮಯವೂ ಎಣಿಕೆಯದ್ದೇ. ಎಡವಿದರೆ ಮಗುವಿನ ಒಂದೆರಡು ವರ್ಷ ವ್ಯರ್ಥವಾಗುತ್ತದೆ. ಆದ್ದರಿಂದ ಈ ಯಂತ್ರಗಳು ಏನು ಮಾಡುತ್ತವೆ, ಏನು ಮಾಡಲಾರವು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಕಣ್ಣಿಗೆ ಕಾಣದ ಕ್ಷಣ

ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಅದನ್ನು ಹೊಡೆಯುವ ಕೋಲಿಗೆ ಕ್ಲಬ್ ಎಂದು ಹೆಸರು. ಕೋಲನ್ನು ಹಿಂದಕ್ಕೆತ್ತಿ ಬೀಸುವ ಕ್ರಿಯೆಯೇ ಸ್ವಿಂಗ್. ಎತ್ತು ಹೊಡೆಯುವ ರೈತನ ಬಾರುಕೋಲನ್ನು ನೆನಪಿಸಿಕೊಂಡರೆ ಇದರ ಮರ್ಮ ತಿಳಿಯುತ್ತದೆ. ಹಿಡಿಯ ವೇಗ ತಗ್ಗುತ್ತಿದ್ದಂತೆ ಬಾರಿನ ತುದಿಯ ವೇಗ ಏರುತ್ತದೆ. ಗಾಲ್ಫ್‌ನಲ್ಲೂ ಕಾಲು, ಸೊಂಟ, ಭುಜ, ತೋಳು, ಮಣಿಕಟ್ಟು ಹೀಗೆ ಶಕ್ತಿ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಕೊನೆಗೆ ಕ್ಲಬ್ಬಿನ ತಲೆಯನ್ನು ಸೇರುತ್ತದೆ. ಬ್ರಿಟನ್ನಿನ ಅಲಾಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಒಂದಕ್ಕೊಂದು ಜೋಡಿಸಿದ ಎರಡು ಲೋಲಕಗಳ ಮಾದರಿಯಿಂದ ಇದನ್ನು ವಿವರಿಸಿದ್ದರು.

ಸಾಮಾನ್ಯ ಆಟಗಾರನ ಕ್ಲಬ್ಬಿನ ತಲೆ ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 144 ಕಿಲೋಮೀಟರ್ ವೇಗದಲ್ಲಿ ಚೆಂಡಿಗೆ ಬಡಿಯುತ್ತದೆ ಎನ್ನೋಣ. ಕ್ಲಬ್ಬಿಗೂ ಚೆಂಡಿಗೂ ಸಂಪರ್ಕವಿರುವುದು ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಕ್ಲಬ್ ಸಾಗುವ ದೂರ ಎರಡು ಸೆಂಟಿಮೀಟರ್! ಎಂಥ ಅನುಭವಿ ಗುರುವಿನ ಕಣ್ಣಿಗೂ ಇದು ಸಿಕ್ಕದು.

ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಧಾರಣ ಕ್ಯಾಮೆರಾಕ್ಕೂ ಇದು ದಕ್ಕುವುದಿಲ್ಲ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕ್ಲಬ್ 1.33 ಮೀಟರ್ ಮುಂದೆ ಹೋಗಿರುತ್ತದೆ. ಇಂದಿನ ಹಲವು ಮೊಬೈಲುಗಳಲ್ಲಿ ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯ ಸೌಲಭ್ಯವಿದೆ. ಆಗ ಅಂತರ ಸುಮಾರು 17 ಸೆಂಟಿಮೀಟರಿಗೆ ಇಳಿಯುತ್ತದೆ. ಸೊಂಟ, ಭುಜ, ಮೊಣಕೈಗಳ ಚಲನೆ ನೋಡಲು ಇಷ್ಟು ಸಾಕು. ಚೆಂಡಿಗೆ ಬಡಿದ ಕ್ಷಣವನ್ನು ಹಿಡಿಯಲು ಸಾಲದು.

ಆ ಕ್ಷಣದ ಲೆಕ್ಕಕ್ಕೆ ರಾಡಾರ್ ಅಥವಾ ಅತಿವೇಗದ ವಿಶೇಷ ಕ್ಯಾಮೆರಾ ಬೇಕು. ಬ್ಯಾಡಗಿ ನಿಲ್ದಾಣದಲ್ಲಿ ನಿಲ್ಲದೆ ಸಾಗುವ ರೈಲಿನ ಸೀಟಿ, ಹತ್ತಿರ ಬರುವಾಗ ತೀಕ್ಷ್ಣವಾಗಿಯೂ ದೂರ ಸರಿದಾಗ ಮಂದ್ರವಾಗಿಯೂ ಕೇಳುವುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು. ಇದೇ ಡಾಪ್ಲರ್ ಪರಿಣಾಮ. ಸೀಟಿಯ ಬದಲು ರೇಡಿಯೋ ತರಂಗ ಕಳಿಸಿ, ಚೆಂಡಿಗೆ ತಾಕಿ ಮರಳಿದ ತರಂಗದ ಆವರ್ತನ ಎಷ್ಟು ಬದಲಾಗಿದೆ ಎಂದು ನೋಡಿದರೆ ವೇಗ ಸಿಗುತ್ತದೆ. ಹೆದ್ದಾರಿಯಲ್ಲಿ ವಾಹನಗಳ ವೇಗ ಅಳೆಯುವ ರಾಡಾರ್ ಗನ್ನಿನ ತತ್ವವೂ ಇದೇ. ಡೆನ್ಮಾರ್ಕಿನಲ್ಲಿ 2003ರಲ್ಲಿ ಆರಂಭವಾದ ಟ್ರ್ಯಾಕ್‌ಮ್ಯಾನ್ ಸಂಸ್ಥೆ ಈ ತತ್ವವನ್ನು ಗಾಲ್ಫ್‌ಗೆ ತಂದು ಹೆಸರು ಮಾಡಿತು.

ಒಂದು ಅಂಕಿಯ ಪಾಠ

ಯಂತ್ರದ ಪರದೆ ಹತ್ತಿಪ್ಪತ್ತು ಅಂಕಿಗಳನ್ನು ಒಮ್ಮೆಲೇ ತೋರಿಸುತ್ತದೆ. ಅದರಲ್ಲಿ ಒಂದನ್ನು ಮಾತ್ರ ನೋಡೋಣ: ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಬರುವ ಸಂಖ್ಯೆ. ಅತಿ ದೂರ ಹೊಡೆಯುವ ಡ್ರೈವರ್ ಎಂಬ ಕ್ಲಬ್ಬಿನ ತಲೆ 200 ಗ್ರಾಂ, ಚೆಂಡು 46 ಗ್ರಾಂ, ಪುಟಿತದ ಗುಣಾಂಕ 0.83 ಎಂದು ಹಿಡಿಯಿರಿ. ಸಂವೇಗ ಸಂರಕ್ಷಣೆಯ ನಿಯಮದಂತೆ 200ನ್ನು 246ರಿಂದ ಭಾಗಿಸಿ 1.83ರಿಂದ ಗುಣಿಸಿದರೆ ಉತ್ತರ ಸುಮಾರು 1.49. ಕ್ಲಬ್ಬಿನ ನಟ್ಟನಡುವೆ ತಾಕಿದ ಚೆಂಡು ಹೆಚ್ಚೆಂದರೆ ಒಂದೂವರೆ ಪಟ್ಟು ವೇಗ ಪಡೆಯುತ್ತದೆ ಎಂದಾಯಿತು.

ಒಬ್ಬ ಬಾಲಕನ ಅಂಕಿ 1.3 ಬಂದರೆ ಏನರ್ಥ? ಬಹುಮಟ್ಟಿಗೆ ಚೆಂಡು ಕ್ಲಬ್ಬಿನ ನಡುವೆ ತಾಕುತ್ತಿಲ್ಲ. ಅಂಥ ಹೊಡೆತದಲ್ಲಿ, 40 ಮೀಟರ್ ವೇಗದ ಸರಿಯಾದ ಹೊಡೆತಕ್ಕೆ ಸಮನಾಗಬೇಕಾದರೆ ಕ್ಲಬ್ಬನ್ನು ಸೆಕೆಂಡಿಗೆ ಸುಮಾರು 46 ಮೀಟರ್ ವೇಗದಲ್ಲಿ ಬೀಸಬೇಕು. ಅರೆಬೆಂದ ಗುರು 'ಇನ್ನೂ ಜೋರಾಗಿ ಬೀಸು' ಎನ್ನುತ್ತಾನೆ. ಬಲ್ಲವನು ಕ್ಲಬ್ಬಿನ ಮುಖಕ್ಕೆ ಸುಣ್ಣದ ಪುಡಿ ಹಚ್ಚಿಸಿ, ಚೆಂಡು ಎಲ್ಲಿ ತಾಕಿದೆ ಎಂದು ಮಗುವಿಗೇ ತೋರಿಸಿ, ನಿಲುವನ್ನೋ ಚೆಂಡಿನಿಂದ ಇರುವ ದೂರವನ್ನೋ ಸರಿಪಡಿಸುತ್ತಾನೆ. ಯಂತ್ರ ಇಬ್ಬರ ಬಳಿಯೂ ಒಂದೇ, ಅಂಕಿಯೂ ಒಂದೇ.

ಕೇಳಬೇಕಾದ ನಾಲ್ಕು ಪ್ರಶ್ನೆ

ತರಬೇತುದಾರರ ಬಳಿ ಯಾವ ಯಂತ್ರವಿದೆ ಎಂದು ವಿಚಾರಿಸುವುದಕ್ಕಿಂತ ಈ ನಾಲ್ಕು ಪ್ರಶ್ನೆ ಕೇಳುವುದು ಲೇಸು.

ಒಂದು, ಚೆಂಡು ಹೊರಡುವ ದಿಕ್ಕನ್ನು ಯಾವುದು ನಿರ್ಧರಿಸುತ್ತದೆ: ಕ್ಲಬ್ ಬೀಸಿದ ಹಾದಿಯೋ, ಕ್ಲಬ್ಬಿನ ಮುಖ ತಿರುಗಿರುವ ದಿಕ್ಕೋ? ಬಹುಕಾಲ ಅನೇಕ ತರಬೇತುದಾರರು 'ಹಾದಿ' ಎಂದೇ ಕಲಿಸಿದರು. ಅಳತೆಗಳು ಹೇಳಿದ್ದು ಬೇರೆ. ಚೆಂಡು ಹೆಚ್ಚಾಗಿ ಮುಖದ ದಿಕ್ಕಿಗೇ ಹೊರಡುತ್ತದೆ. ಮುಖಕ್ಕೂ ಹಾದಿಗೂ ಇರುವ ಕೋನ ಚೆಂಡನ್ನು ಗಾಳಿಯಲ್ಲಿ ಬಾಗಿಸುತ್ತದೆ. ಯಂತ್ರವಿಟ್ಟುಕೊಂಡೂ ಹಳೆಯ ಉತ್ತರವನ್ನೇ ಹೇಳುವವರು ಅದನ್ನು ಓದಿಲ್ಲವೆಂದೇ ತಿಳಿಯಬೇಕು.

ಎರಡು, ಒಂದು ಪಾಠದಲ್ಲಿ ಎಷ್ಟು ತಪ್ಪು ತಿದ್ದುತ್ತೀರಿ? 'ಒಂದು' ಎಂಬುದೇ ಸರಿಯಾದ ಉತ್ತರ. ಬೀಸು ಕೆಳಗಿಳಿಯುವುದು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತಿನಲ್ಲಿ. ಐದು ಸೂಚನೆಗಳನ್ನು ನೆನಪಿಡಲು ಮಗುವಿಗೆ ಅಲ್ಲಿ ಪುರುಸೊತ್ತೆಲ್ಲಿ?

ಮೂರು, ಮೊದಲ ದಿನದ ಅಳತೆಯನ್ನೂ ಮೂರು ತಿಂಗಳ ನಂತರದ ಅಳತೆಯನ್ನೂ ದಿನಾಂಕ ಸಹಿತ ಬರೆದುಕೊಡುತ್ತೀರಾ? ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಇದು ಗುರುವಿನ ಕೆಲಸಕ್ಕೂ ಕನ್ನಡಿ.

ನಾಲ್ಕು, ಬೆಳೆಯುವ ಮಗುವಿನ ಬೆನ್ನಿನ ಬಗ್ಗೆ ಏನು ಎಚ್ಚರ ವಹಿಸುತ್ತೀರಿ? ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವ ನೋವುಗಳಲ್ಲಿ ಸೊಂಟ ನೋವು ಮುಖ್ಯವಾದದ್ದು. ದೊಡ್ಡವರ ಉದ್ದದ, ಭಾರದ ಕ್ಲಬ್ ಕೊಟ್ಟು ವೇಗದ ಅಂಕಿಯ ಬೆನ್ನು ಹತ್ತಿಸುವವರಿಂದ ಮಗುವನ್ನು ದೂರವಿಡಿ.

ಇದಲ್ಲದೆ ತರಬೇತುದಾರರ ಪ್ರಮಾಣಪತ್ರವನ್ನು ಕೇಳಿ ನೋಡಲು ಸಂಕೋಚ ಬೇಡ. ಭಾರತದಲ್ಲಿ ಗಾಲ್ಫ್ ಕಲಿಸುವವರಿಗೆ ತರಬೇತಿ ನೀಡಿ ಪ್ರಮಾಣಪತ್ರ ಕೊಡಲು ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಇದೆ. ಹಣ ಕಟ್ಟುವ ಮುನ್ನ ಒಂದು ಪಾಠವನ್ನು ಪಕ್ಕದಲ್ಲಿ ಕುಳಿತು ನೋಡಿ. ಮಗು ಪರದೆಯನ್ನೇ ದಿಟ್ಟಿಸುತ್ತ ನಿಂತಿರುವ ಹೊತ್ತು ಹೆಚ್ಚೋ, ಚೆಂಡು ಹೊಡೆಯುವ ಹೊತ್ತು ಹೆಚ್ಚೋ ಎಂಬುದು ತಾನಾಗಿ ತಿಳಿಯುತ್ತದೆ.

ಯಂತ್ರವಿಲ್ಲದೆ ಬೆಳೆದವರು

ಕರ್ನಾಟಕಕ್ಕೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ, ಬೆಂಗಳೂರಿನಲ್ಲಿ ಆಟಗಾರರ ಕ್ಲಬ್ ಚೀಲ ಹೊರುವ ಕ್ಯಾಡಿಯಾಗಿದ್ದವರು. ಅವರು ದೊಡ್ಡ ಆಟಗಾರರ ಬೀಸನ್ನು ಹತ್ತಿರದಿಂದ ಕಂಡು ಕಲಿತರು. ಅದಿತಿ ಅಶೋಕ್ ಐದಾರು ವರ್ಷದವರಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳದಲ್ಲಿ ಆಟಕ್ಕೆ ತೊಡಗಿ, 2016ರಲ್ಲಿ 18ನೆಯ ವಯಸ್ಸಿಗೇ ರಿಯೋ ಒಲಿಂಪಿಕ್ಸ್‌ನಲ್ಲಿ ಆಡಿದರು.

ಟೋಕಿಯೋದಲ್ಲಿ ಅದಿತಿಯವರ ದೂರದ ಹೊಡೆತಗಳು ಎದುರಾಳಿಗಳ ಹೊಡೆತಗಳಿಗಿಂತ ಬಹಳ ಹಿಂದೆ ಬೀಳುತ್ತಿದ್ದವು. ರಾಡಾರಿನ ವೇಗದ ಪಟ್ಟಿ ನೋಡಿದವರು ಅವರನ್ನು ಪದಕದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವರನ್ನು ಅಷ್ಟೆತ್ತರಕ್ಕೆ ಒಯ್ದದ್ದು ಕುಳಿಯ ಬಳಿ ಚೆಂಡನ್ನು ಮೆಲ್ಲಗೆ ತಳ್ಳುವ ಪಟಿಂಗ್ ಕೌಶಲ. 18 ಕುಳಿಗಳ ಅಂಗಳದಲ್ಲಿ ಸಾಮಾನ್ಯವಾಗಿ ನಿಗದಿಯಾಗುವ 72 ಹೊಡೆತಗಳಲ್ಲಿ, ಕುಳಿಗೆ ಎರಡರಂತೆ 36 ಹೊಡೆತ ಪಟಿಂಗ್‌ಗೇ ಮೀಸಲು. ಅರ್ಧ ಆಟ ಅಲ್ಲಿದೆ! ದೂರ ಹೊಡೆಯುವ ಅಂಕಿಯನ್ನಷ್ಟೇ ತೋರಿಸಿ ಹಣ ಕೇಳುವವರು ಅರ್ಧ ಆಟವನ್ನೇ ಮರೆತಿರುತ್ತಾರೆ.

ಊರಿನಲ್ಲೇ ಮಾಡಬಹುದಾದದ್ದು

ಹಾವೇರಿ ಕಡೆಯ ಮಗು ವಾರವಾರ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ, ರಜೆಯಲ್ಲಿ, ಯಂತ್ರದ ಮುಂದೆ ಅಳತೆ ಮಾಡಿಸಿ, ತಿದ್ದಿಕೊಳ್ಳಬೇಕಾದ ಒಂದು ಅಂಶವನ್ನು ಬರೆಸಿಕೊಂಡು ಬಂದರೆ ಸಾಕು. ಉಳಿದದ್ದು ಊರಿನ ಅಭ್ಯಾಸ. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಕೈಗಳ ಎತ್ತರಕ್ಕೆ ಒಂದು ಆನಿಕೆಯ ಮೇಲೆ ಇಟ್ಟು, ಒಮ್ಮೆ ಎದುರಿನಿಂದ, ಇನ್ನೊಮ್ಮೆ ಚೆಂಡು ಸಾಗುವ ಗೆರೆಯ ಹಿಂದಿನಿಂದ ನಿಧಾನಗತಿಯಲ್ಲಿ ಚಿತ್ರಿಸಬೇಕು. ಪ್ರತಿ ಸಲವೂ ಅದೇ ಜಾಗ, ಅದೇ ಎತ್ತರ ಇರಬೇಕು. ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ಆ ಚಿತ್ರವನ್ನು ಗುರುವಿಗೆ ಕಳುಹಿಸಿ ಸಲಹೆ ಪಡೆಯಬಹುದು.

ಒಂದು ಎಚ್ಚರ ಮಾತ್ರ ಮರೆಯುವಂತಿಲ್ಲ. ಗಾಲ್ಫ್ ಚೆಂಡು ಗಟ್ಟಿ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹಾರಿದರೆ ಕಣ್ಣನ್ನೇ ಕಳೆಯಬಲ್ಲದು. ಹಿತ್ತಲಲ್ಲಿ, ಶಾಲೆಯ ಬಯಲಲ್ಲಿ ಸ್ಪಂಜಿನ ಅಥವಾ ತೂತುಗಳಿರುವ ಹಗುರ ಪ್ಲಾಸ್ಟಿಕ್ ಚೆಂಡನ್ನೇ ಬಳಸಬೇಕು, ಬೀಸುವವನ ಸುತ್ತ ಯಾರೂ ನಿಲ್ಲಬಾರದು. ಪಟಿಂಗ್ ಕಲಿಯಲು ಪಡಸಾಲೆಯಲ್ಲಿ ಹಾಸಿದ ಜಮಖಾನೆಯೂ ಒಂದು ಲೋಟವೂ ಸಾಕು.

ಇಂದು ಗಾಲ್ಫ್, ನಾಳೆ ಕ್ರಿಕೆಟ್ ಅಥವಾ ಭರ್ಚಿ ಎಸೆತ. ಆಟ ಯಾವುದಾದರೂ ಅಳೆಯುವ ಯಂತ್ರಗಳು ಹೆಚ್ಚುತ್ತಲೇ ಹೋಗುತ್ತವೆ. ಅವುಗಳ ಬೆಳಕಿಗೆ ಬೆರಗಾಗದೆ ಪಾಲಕರು ಒಂದನ್ನು ಗಮನಿಸಿದರೆ ಸಾಕು. ಪಾಠ ಮುಗಿಸಿ ಹೊರಬಂದ ಮಗುವನ್ನು 'ಇವತ್ತು ಏನು ತಿದ್ದಿಕೊಂಡೆ?' ಎಂದು ಕೇಳಿ. ತನ್ನ ಮಾತಿನಲ್ಲೇ ಒಂದು ವಾಕ್ಯದಲ್ಲಿ ಅದು ಉತ್ತರ ಹೇಳಿದರೆ, ಕಟ್ಟಿದ ಹಣ ಸಾರ್ಥಕ.