ಒಂದು ದಿನದ ಶಿಬಿರ ಫೋನಿನೊಳಗೆ ಬಂದದ್ದು

ಮಗು ಕ್ಯಾನ್ಸರಿನಿಂದ ಗುಣವಾಗಿ ಸ್ಕೂಲಿಗೆ ಹೊರಟಿದೆ. ಅಪ್ಪ ಅಮ್ಮನಿಗೆ ನಿದ್ದೆ ಇಲ್ಲ. ಮಾಮೂಲಿ ಜ್ವರ ಬಂದರೂ ಎದೆ ಧಸಕ್ಕೆನ್ನುತ್ತದೆ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿದ್ದ ಮನಶ್ಶಾಸ್ತ್ರಜ್ಞೆ ಆನ್ ಕಝಾಕ್ 1990ರ ದಶಕದಲ್ಲಿ ಹಿಡಿದ ಎಳೆ ಇದೇ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಗೆದ್ದ ಮಕ್ಕಳು ಬಹುಮಟ್ಟಿಗೆ ಓರಗೆಯವರಂತೆಯೇ ಇದ್ದರು. ಆಘಾತ ಕಾಡುತ್ತಿದ್ದದ್ದು ಹೆತ್ತವರನ್ನು.

ಆ ಎಳೆಯಿಂದ ಹುಟ್ಟಿದ್ದು ‘ಸರ್ವೈವಿಂಗ್ ಕ್ಯಾನ್ಸರ್ ಕಾಂಪಿಟೆಂಟ್ಲಿ’ ಎಂಬ ಒಂದು ದಿನದ ಶಿಬಿರ. ಮೊದಲು ಅಮ್ಮಂದಿರು, ಅಪ್ಪಂದಿರು, ಮಕ್ಕಳು ಬೇರೆ ಬೇರೆ ಗುಂಪಾಗಿ ಕೂರುತ್ತಿದ್ದರು. ಆಮೇಲೆ ಕುಟುಂಬಗಳೆಲ್ಲ ಒಟ್ಟಿಗೆ. 150 ಕುಟುಂಬಗಳ ಮೇಲಿನ ಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬೇಡದ ನೆನಪುಗಳ ಕಾಟ ಅಪ್ಪಂದಿರಲ್ಲಿ ತಗ್ಗಿತ್ತು. ‘ನನಗೇನಾಗಿದೆ?’ ಎಂದು ಎದ್ದುಹೋಗುವವರು ಸಾಮಾನ್ಯವಾಗಿ ಅವರೇ!

ಅಲ್ಲಿ ಕಲಿಸುತ್ತಿದ್ದ ಒಂದು ಉಪಾಯ ಬಲು ಸರಳ: ಘಟನೆ, ನಂಬಿಕೆ, ಪರಿಣಾಮ ಮೂರನ್ನೂ ಬಿಡಿಸಿ ನೋಡುವುದು. ಚಿಕಿತ್ಸೆಯ ದಿನಗಳಲ್ಲಿ ಮಗುವಿನ ಬ್ಲಡ್ ಕೌಂಟ್ ಇಳಿದಿದೆ ಎಂದುಕೊಳ್ಳಿ. ಅದು ಘಟನೆ. ‘ನಾನೇ ಏನೋ ತಿನ್ನಿಸಿ ಕೆಡಿಸಿದೆ’ ಎಂಬುದು ನಂಬಿಕೆ. ರಾತ್ರಿಯಿಡೀ ಎಚ್ಚರ, ಬೆಳಿಗ್ಗೆ ಗಂಡನ ಮೇಲೆ ರೇಗಾಟ, ಇವು ಪರಿಣಾಮ. ಇಳಿಸಿದ್ದು ಕೀಮೋ, ತನ್ನ ಕೈಯಡುಗೆಯಲ್ಲ ಎಂದು ಮನಸ್ಸಿಗೆ ಬಂದರೆ ಕೌಂಟ್ ಏರದಿದ್ದರೂ ರೇಗಾಟ ಇಳಿದೀತು.

ಇಂಥ ತರಬೇತಿಯನ್ನು ರೋಗ ಪತ್ತೆಯಾದ ಹೊಸತರಲ್ಲೇ ಕೊಟ್ಟರೆ? 2005ರಲ್ಲಿ ವರದಿಯಾದ 19 ಕುಟುಂಬಗಳ ಪ್ರಯೋಗ ಭರವಸೆ ಮೂಡಿಸಿತು. ದೊಡ್ಡ ಪರೀಕ್ಷೆಗೆ ಕೈಹಾಕಿದಾಗ ಮಾತ್ರ ಕುಟುಂಬಗಳನ್ನು ಸೇರಿಸಿಕೊಳ್ಳುವುದೇ ಕಷ್ಟವಾಯಿತು. ಇಂದು ಕೀಮೋ, ನಾಳೆ ಜ್ವರ, ಮನೆಯಲ್ಲಿ ಇನ್ನೊಂದು ಮಗು. ತನ್ನ ಮನಸ್ಸಿಗಾಗಿ ಹೊತ್ತು ತೆಗೆಯಲು ಯಾವ ತಾಯಿಗೆ ಪುರುಸೊತ್ತು?

ಹಾಗಾಗಿ ಅಂತರ್ಜಾಲ. ಸಿಡ್ನಿಯಲ್ಲಿ ಸಂಶೋಧಕಿ ಕ್ಲೇರ್ ವೇಕ್‌ಫೀಲ್ಡ್ ತಂಡ ಚಿಕಿತ್ಸೆ ಮುಗಿದ ಮಕ್ಕಳ ಹೆತ್ತವರಿಗೆ ‘ಕ್ಯಾಸ್ಕೇಡ್’ ರೂಪಿಸಿತು. ವಾರಕ್ಕೊಮ್ಮೆಯಂತೆ ಮೂರು ವಿಡಿಯೊ ಕೂಟ, ಜೊತೆಗೊಬ್ಬ ಮನಶ್ಶಾಸ್ತ್ರಜ್ಞೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಕೂಟಕ್ಕೆ ಸೇರಿದ 25 ಮಂದಿಯಲ್ಲಿ ಹೆಚ್ಚಿನವರು ಕೊನೆಯವರೆಗೂ ಉಳಿದರು.

ಅತ್ತ ಅಮೆರಿಕದ ಡೆಲವೇರ್‌ನಲ್ಲಿರುವ ನೆಮೋರ್ಸ್ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಕ್ಯಾಂಟರ್, ಕಝಾಕ್ ಅವರ ಶಿಬಿರವನ್ನೇ ಅಂತರ್ಜಾಲಕ್ಕೆ ತಂದರು. ಪಾಠಗಳನ್ನು ಬಿಡುವಾದಾಗ ನೋಡಬಹುದು. ಚಿಕಿತ್ಸಕರೊಂದಿಗೆ ಮಾತು ಬೇರೆ ಇದೆ. ಕಟ್ಟುವಾಗಲೇ ಹೆತ್ತವರನ್ನು ಕೂರಿಸಿ, ಪುಟ ತೆರೆಯುತ್ತಾ ಅನಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರು. ಬಳಸುವವರನ್ನು ಕೇಳದೆ ಆ್ಯಪ್ ಕಟ್ಟುವವರೇ ಹೆಚ್ಚಿರುವಾಗ, ನನ್ನ ಲೆಕ್ಕದಲ್ಲಿ ಇಡೀ ಕಥೆಯ ಜಾಣತನದ ಹೆಜ್ಜೆ ಇದು. ಇಂಗ್ಲಿಷಿನಲ್ಲಿ ಶುರುವಾದ ಆ ಪಾಠಗಳು ಈಗ ಸ್ಪ್ಯಾನಿಷಿನಲ್ಲೂ ಇವೆ.