ಟರ್ಬೊ ಕಾರಿಗೆ ತಕ್ಕ ಎಣ್ಣೆ ಯಾವುದು?

ಹಲಸೂರಿನಿಂದ ಇಂದಿರಾನಗರದ ಅಂಚು ಹಾದು ಕೆ.ಆರ್. ಪುರದತ್ತ ಸಾಗುವ ಹಳೆಯ ಮದ್ರಾಸ್ ರಸ್ತೆಯಲ್ಲಿ ಗ್ಯಾರೇಜುಗಳಿಗೂ ಬಿಡಿಭಾಗಗಳ ಅಂಗಡಿಗಳಿಗೂ ಕೊರತೆಯಿಲ್ಲ. ಶಿವಾಜಿನಗರದ ಗುಜರಿ ಬೀದಿಗಳಲ್ಲಂತೂ ಎಷ್ಟೇ ಹಳೆಯ ಕಾರಿನ ಭಾಗವಾದರೂ ಹುಡುಕಿದರೆ ಸಿಕ್ಕೀತು ಎಂಬ ಮಾತಿದೆ. ಇಂಥ ಅಂಗಡಿಯೊಂದರ ಮುಂದೆ ನಿಂತರೆ ಇಂಜಿನ್ ಆಯಿಲ್ ಡಬ್ಬಿಗಳ ಸಾಲು ಕಣ್ಣಿಗೆ ಬೀಳುತ್ತದೆ. ಒಂದರ ಮೇಲೆ 20ಡಬ್ಲ್ಯೂ-50, ಇನ್ನೊಂದರ ಮೇಲೆ 15ಡಬ್ಲ್ಯೂ-40, ಮತ್ತೊಂದರ ಮೇಲೆ 5ಡಬ್ಲ್ಯೂ-30. ಒಂದರ ಬೆಲೆ ಇನ್ನೊಂದರ ಎರಡು ಮೂರು ಪಟ್ಟು. ಯಾವುದನ್ನು ಕೊಳ್ಳಬೇಕು?

ಈ ಪ್ರಶ್ನೆಗೆ ಹಿರಿಯರ ಬಳಿ ಒಂದು ಸಿದ್ಧ ಉತ್ತರವಿದೆ: 'ಎಣ್ಣೆ ದಪ್ಪಗಿದ್ದಷ್ಟೂ ಇಂಜಿನ್ನಿಗೆ ಒಳ್ಳೆಯದು.' ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಮಾತಿನಲ್ಲಿ ಹುರುಳಿತ್ತು. ಆ ಇಂಜಿನ್‌ಗಳ ಒಳಗಿನ ಸಂದುಗಳು ಅಗಲವಾಗಿದ್ದವು, ಸವೆದಂತೆ ಇನ್ನೂ ಅಗಲವಾಗುತ್ತಿದ್ದವು. ಅಲ್ಲಿ ತೆಳು ಎಣ್ಣೆ ನಿಲ್ಲುತ್ತಿರಲಿಲ್ಲ. ಆದರೆ ಅದೇ ಮಾತನ್ನು ನಂಬಿ ಇಂದಿನ ಟರ್ಬೊ ಕಾರಿಗೆ ದಪ್ಪ ಎಣ್ಣೆ ಸುರಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ವಾರಂಟಿ ಮುಗಿದ ಕಾರನ್ನು ಬ್ಯಾಂಕ್ ಸಾಲದಲ್ಲಿ ಕೊಂಡ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ. ಒಳ್ಳೆಯ ಎಣ್ಣೆಗೆ ತಗಲುವ ಹೆಚ್ಚಿನ ಖರ್ಚು ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದವರೆಗೆ ಇರಬಹುದು. ಟರ್ಬೊ ಕೆಟ್ಟರೆ ಹತ್ತಾರು ಸಾವಿರ ರೂಪಾಯಿ ಕೈಬಿಡುತ್ತದೆ.

ಗಾಳಿಯನ್ನು ತುರುಕುವ ಯಂತ್ರ

ಇಂಜಿನ್ನಿನಲ್ಲಿ ಪೆಟ್ರೋಲ್ ಉರಿಯಲು ಗಾಳಿ ಬೇಕು. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಸಾಧನವೇ ಟರ್ಬೊ. ಸ್ವಿಟ್ಜರ್‌ಲೆಂಡಿನ ಇಂಜಿನಿಯರ್ ಆಲ್‌ಫ್ರೆಡ್ ಬ್ಯೂಶಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಪೂರ್ವ ಬೆಂಗಳೂರಿಗೆ ಈ ಯಂತ್ರ ಹೊಸದೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟು ಹೋಗಲಾಗಿದ್ದ ಲಿಬರೇಟರ್ ಬಾಂಬರ್ ವಿಮಾನಗಳನ್ನು 1948ರಲ್ಲಿ ಇಂದಿರಾನಗರದಿಂದ ಹೆಚ್ಚು ದೂರವಿಲ್ಲದ ಎಚ್.ಎ.ಎಲ್. ಕಾರ್ಖಾನೆಗೆ ಹಾರಿಸಿ ತರಲಾಯಿತು. ಇಲ್ಲಿ ಮತ್ತೆ ಸಜ್ಜುಗೊಂಡ ಅವು 1968ರವರೆಗೂ ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಆ ವಿಮಾನದ ನಾಲ್ಕು ಇಂಜಿನ್‌ಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಟರ್ಬೊ ಇತ್ತು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗುವುದರಿಂದ ಅದು ಅಗತ್ಯವಾಗಿತ್ತು.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲೂ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಸಾಧಾರಣ ಇಂಜಿನ್ ಇಲ್ಲಿ ಅಷ್ಟರಮಟ್ಟಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಇಂಜಿನ್ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ.

ಆದರೆ ಇದಕ್ಕೆ ಬೆಲೆ ತೆರಬೇಕಾದದ್ದು ಎಣ್ಣೆ. ಸಣ್ಣ ಕಾರಿನ ಟರ್ಬೊ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳನ್ನೂ ಮೀರಿ ತಿರುಗಬಲ್ಲದು. ಪೆಟ್ರೋಲ್ ಇಂಜಿನ್ನಿನಲ್ಲಿ ಅದರ ಒಂದು ತುದಿಯನ್ನು ಸುತ್ತುವರಿದ ಅನಿಲದ ಶಾಖ 900 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಸಾಮಾನ್ಯವಾಗಿ ಈ ದಂಡಕ್ಕೆ ಆಧಾರ ಗುಂಡುಗಳ ಬೇರಿಂಗ್ ಅಲ್ಲ, ತಲೆಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ. ದಂಡ ಆ ಪೊರೆಯ ಮೇಲೆ ತೇಲುತ್ತದೆ. ಎಣ್ಣೆಯ ಕೆಲಸ ಜಾರಿಸುವುದಷ್ಟೇ ಅಲ್ಲ, ಅಲ್ಲಿನ ಶಾಖವನ್ನು ಹೊತ್ತು ಹೊರಗೆ ತರುವುದೂ ಹೌದು. ದಪ್ಪ ಎಣ್ಣೆ ಕಿರಿದಾದ ದಾರಿಗಳಲ್ಲಿ ನಿಧಾನವಾಗಿ ಹರಿಯುತ್ತದೆ, ಆದ್ದರಿಂದ ಹೊತ್ತು ತರುವ ಶಾಖವೂ ಕಡಿಮೆ.

ಅಂಕಿಗಳ ಅರ್ಥ

ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಓದುವ ಸ್ನಿಗ್ಧತೆ ಎಂಬ ಗುಣವೇ ಡಬ್ಬಿಯ ಮೇಲಿನ ಅಂಕಿಗಳ ಮೂಲ. ದ್ರವವೊಂದು ಹರಿಯಲು ಒಡ್ಡುವ ಪ್ರತಿರೋಧವನ್ನು ಅದು ಅಳೆಯುತ್ತದೆ. ಶಾಖ ಏರಿದಂತೆ ಎಣ್ಣೆಯ ಸ್ನಿಗ್ಧತೆ ಇಳಿಯುತ್ತದೆ. ಜನವರಿಯ ಬೆಂಗಳೂರಿನಲ್ಲಿ ಬೆಳಿಗ್ಗೆ ತಲೆಗೆ ಹಚ್ಚಲು ಹೋದರೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಹರಳೆಣ್ಣೆ ಹಾಗೆ ಹೆಪ್ಪುಗಟ್ಟದಿದ್ದರೂ ಎಳೆಯೆಳೆಯಾಗಿ ಮೆಲ್ಲಗೆ ಇಳಿಯುತ್ತದೆ. ಇದೇ ಹರಳೆಣ್ಣೆ ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್ನಿಗೆ ಕೀಲೆಣ್ಣೆಯಾಗಿತ್ತು. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ.

5ಡಬ್ಲ್ಯೂ-30 ಎಂಬುದರಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಅಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವಾಗ ಎಣ್ಣೆ ಸಲೀಸಾಗಿ ಹರಿಯುತ್ತದೆ. ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲವಲ್ಲ, ಈ ಅಂಕಿಯಿಂದ ಏನು ಪ್ರಯೋಜನ ಎಂದು ಕೇಳಬಹುದು. 15 ಡಿಗ್ರಿಯ ಮುಂಜಾನೆಯಲ್ಲೂ 20ಡಬ್ಲ್ಯೂ-50 ಎಣ್ಣೆ 5ಡಬ್ಲ್ಯೂ-30ಕ್ಕಿಂತ ಎರಡು ಮೂರು ಪಟ್ಟು ದಪ್ಪಗಿರುತ್ತದೆ. ಕಾರು ಶುರುವಾದ ಮೊದಲ ಕ್ಷಣಗಳಲ್ಲಿ ಎಣ್ಣೆ ಟರ್ಬೊವನ್ನು ಬೇಗ ತಲುಪಬೇಕು. ದಪ್ಪ ಎಣ್ಣೆಯಿಂದ ತಡವಾಗುವುದು ಅಲ್ಲಿಯೇ.

ಎರಡನೆಯ ಅಂಕಿ ಬಿಸಿಯಾದಾಗಿನ ಸ್ನಿಗ್ಧತೆಯದು. 150 ಡಿಗ್ರಿಯಲ್ಲಿ, ಜೋರಾಗಿ ಉಜ್ಜುವ ಸ್ಥಿತಿಯಲ್ಲಿ, 20ನೇ ದರ್ಜೆಯ ಎಣ್ಣೆಗೆ ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯೂ-40ಕ್ಕೆ 3.5 ಮಿಲಿಪ್ಯಾಸ್ಕಲ್-ಸೆಕೆಂಡ್ ಸ್ನಿಗ್ಧತೆ ಇರಬೇಕು. 20 ಡಿಗ್ರಿಯ ನೀರಿನ ಸ್ನಿಗ್ಧತೆ ಇದೇ ಮಾನದಲ್ಲಿ 1. ಎಂದರೆ ಕಾದ ಇಂಜಿನ್ನನ್ನು ಸವೆಯದಂತೆ ಕಾಯುವ ಎಣ್ಣೆ ನಲ್ಲಿನೀರಿಗಿಂತ ಬರೀ ಮೂರು ಪಟ್ಟು ದಪ್ಪ! ಅಷ್ಟು ತೆಳುವಾದ ಪೊರೆಯನ್ನು ಲೆಕ್ಕವಿಟ್ಟೇ ಇಂಜಿನಿಯರುಗಳು ಬೇರಿಂಗಿನ ಸಂದು, ಪಂಪಿನ ಗಾತ್ರಗಳನ್ನು ನಿರ್ಧರಿಸಿರುತ್ತಾರೆ. ಆದ್ದರಿಂದ ದಪ್ಪವೂ ತಾನಾಗಿ ಒಳ್ಳೆಯದಲ್ಲ, ತೆಳುವೂ ತಾನಾಗಿ ಒಳ್ಳೆಯದಲ್ಲ. 5ಡಬ್ಲ್ಯೂ-40 ಕೇಳುವ ಇಂಜಿನ್ನಿಗೆ ಮೈಲೇಜಿನ ಆಸೆಯಿಂದ 0ಡಬ್ಲ್ಯೂ-20 ಹಾಕಿದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಗಬಹುದು.

ಅಕ್ಷರಗಳ ಅರ್ಥ

ಅಂಕಿ ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಅಕ್ಷರಗಳದ್ದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎ.ಪಿ.ಐ. ಪೆಟ್ರೋಲ್ ಇಂಜಿನ್ನಿನ ಎಣ್ಣೆಗೆ ಎಸ್.ಎನ್., ಎಸ್.ಪಿ. ಮುಂತಾದ ದರ್ಜೆಗಳನ್ನು ಕೊಡುತ್ತದೆ. ಎರಡನೆಯ ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಎಸ್.ಎನ್. ಬಂದದ್ದು 2010ರಲ್ಲಿ, ಎಸ್.ಪಿ. 2020ರಲ್ಲಿ, ಎಸ್.ಕ್ಯೂ. 2025ರಲ್ಲಿ. ಎಸ್.ಎನ್. ಕೇಳುವ ಇಂಜಿನ್ನಿಗೆ ಎಸ್.ಪಿ. ಹಾಕಬಹುದು, ಎಸ್.ಪಿ. ಕೇಳುವುದಕ್ಕೆ ಎಸ್.ಎನ್. ಹಾಕುವಂತಿಲ್ಲ.

ಇದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಸಣ್ಣ ಟರ್ಬೊ ಇಂಜಿನ್‌ಗಳಲ್ಲಿ ಒಂದು ವಿಚಿತ್ರ ತೊಂದರೆ ಕಂಡುಬಂತು. ಇಂಜಿನ್ ನಿಧಾನವಾಗಿ ತಿರುಗುತ್ತಾ ಹೆಚ್ಚು ಭಾರ ಎಳೆಯುವಾಗ, ಪೆಟ್ರೋಲಿನೊಂದಿಗೆ ಬೆರೆತ ಎಣ್ಣೆಯ ಹನಿ ಸ್ಪಾರ್ಕ್ ಪ್ಲಗ್ಗಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಪಿಸ್ಟನ್ ಒಡೆಯುವುದೂ ಉಂಟು. ಎಣ್ಣೆಯನ್ನು ಶುದ್ಧವಾಗಿಡಲು ಬೆರೆಸುವ ಕ್ಯಾಲ್ಸಿಯಂ ಲವಣಗಳು ಇದಕ್ಕೆ ಕುಮ್ಮಕ್ಕು ಕೊಡುತ್ತವೆ, ಮೆಗ್ನೀಸಿಯಂ ಲವಣಗಳು ಹಾಗೆ ಮಾಡುವುದಿಲ್ಲ ಎಂದು ಪ್ರಯೋಗಗಳಿಂದ ತಿಳಿಯಿತು. ಈ ತೊಂದರೆಯನ್ನು ತಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಎಣ್ಣೆಗೆ ಮಾತ್ರ ಎಸ್.ಪಿ. ದರ್ಜೆ. ಕೆ.ಆರ್. ಪುರದ ತೂಗುಸೇತುವೆಯನ್ನು ಟಾಪ್ ಗೇರಿನಲ್ಲೇ ಏದುಸಿರು ಬಿಡಿಸುತ್ತಾ ಹತ್ತಿಸುವ ಬದಲು ಒಂದು ಗೇರು ಇಳಿಸಿದರೆ ಇಂಜಿನ್ನಿಗೂ ಹಿತ.

ಡೀಸೆಲ್ ಕಾರಿನ ಕಥೆ ಬೇರೆ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಶೋಧಕ ಬಂದಿದೆ. ಶೋಧಕದಲ್ಲಿ ಸಿಕ್ಕಿದ ಮಸಿಯನ್ನು ಉರಿಸಿ ತೆಗೆಯಬಹುದು. ಆದರೆ ಎಣ್ಣೆ ಉರಿದಾಗ ಉಳಿಯುವ ಲೋಹದ ಬೂದಿ ಹೋಗುವುದಿಲ್ಲ, ಸೇರುತ್ತಾ ಸೇರುತ್ತಾ ದಾರಿ ಕಟ್ಟುತ್ತದೆ. ಇಂಥ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಯುರೋಪಿನ ಎ.ಸಿ.ಇ.ಎ. ಪದ್ಧತಿಯಲ್ಲಿ ಸಿ2, ಸಿ3 ಮುಂತಾಗಿ 'ಸಿ'ಯಿಂದ ಶುರುವಾಗುವ ದರ್ಜೆಗಳು ಇವೇ.

ಡಬ್ಬಿಯ ಮೇಲೆ ದೊಡ್ಡದಾಗಿ ಮಿಂಚುವ 'ಸಿಂಥೆಟಿಕ್' ಎಂಬ ಪದ ಮಾತ್ರ ಸಾಲದು. ಸಿಂಥೆಟಿಕ್ ಎಣ್ಣೆ ಶಾಖಕ್ಕೆ ಬೇಗ ಕೆಡುವುದಿಲ್ಲ ನಿಜ, ಟರ್ಬೊಗೆ ಅದು ಅನುಕೂಲವೂ ಹೌದು. ಆದರೆ ದುಬಾರಿ ಸಿಂಥೆಟಿಕ್ ಎಣ್ಣೆಯ ದರ್ಜೆ ತಪ್ಪಾಗಿದ್ದರೆ ಅದು ತಪ್ಪು ಎಣ್ಣೆಯೇ. ಅಂಕಿ, ಅಕ್ಷರ, ಕೆಲವು ತಯಾರಕರು ಕೇಳುವ ತಮ್ಮದೇ ಒಪ್ಪಿಗೆ ಸಂಖ್ಯೆ, ಈ ಮೂರೂ ಕಾರಿನ ಕೈಪಿಡಿಗೆ ಹೊಂದಬೇಕು. ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟು ಎಣ್ಣೆಯಲ್ಲೇ ತೊಯ್ದು ಓಡುತ್ತದೆ. ಅಲ್ಲಿ ತಪ್ಪು ಎಣ್ಣೆ ಬೆಲ್ಟನ್ನೇ ತಿಂದುಹಾಕಬಲ್ಲದು.

ಕಿಲೋಮೀಟರೇ, ಗಂಟೆಯೇ?

ಎಣ್ಣೆ ಬದಲಿಸುವ ಸಮಯವನ್ನು ನಾವು ಕಿಲೋಮೀಟರಿನಲ್ಲಿ ಎಣಿಸುತ್ತೇವೆ. ಇಂಜಿನ್ ಮಾತ್ರ ಗಂಟೆಗಳಲ್ಲಿ ಸವೆಯುತ್ತದೆ. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಯಿತು. ಈ ವೇಗದಲ್ಲಿ 10,000 ಕಿ.ಮೀ. ಓಡಿದರೆ ಇಂಜಿನ್ ಸುಮಾರು 486 ಗಂಟೆ ದುಡಿದಿರುತ್ತದೆ. ಕೆ.ಆರ್. ಪುರದಾಚೆ ಕೋಲಾರದ ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ.ಯಂತೆ ಅಷ್ಟೇ ದೂರ ಓಡಿದ ಕಾರಿನ ದುಡಿಮೆ ಸುಮಾರು 167 ಗಂಟೆ. ಮೀಟರಿನಲ್ಲಿ ಎರಡೂ ಒಂದೇ, ಎಣ್ಣೆಯ ಪಾಲಿಗೆ ಮೂರು ಪಟ್ಟು ವ್ಯತ್ಯಾಸ. ಟಿನ್ ಫ್ಯಾಕ್ಟರಿ ಬಳಿ ದಿನವೂ ನಿಂತು ನಿಂತು ಸಾಗುವ ಕಾರು ಕೈಪಿಡಿಯ ಭಾಷೆಯಲ್ಲಿ 'ಕಠಿಣ ಬಳಕೆ'ಯ ಕಾರು. ಇಂಥ ಕಾರಿಗೆ ಬೇಗ ಎಣ್ಣೆ ಬದಲಿಸಬೇಕೆಂದು ಹಲವು ಕೈಪಿಡಿಗಳಲ್ಲಿ ಪ್ರತ್ಯೇಕ ಪಟ್ಟಿಯೇ ಇರುತ್ತದೆ.

ಮಕ್ಕಳನ್ನು ಶಾಲೆಗೆ ಬಿಡಲೆಂದು ದಿನಕ್ಕೆ ಎರಡು ಕಿಲೋಮೀಟರ್ ಓಡುವ ಕಾರು ಸುಖವಾಗಿದೆ ಎಂದುಕೊಳ್ಳುವುದೂ ತಪ್ಪು. ಎಣ್ಣೆ ಪೂರ್ತಿ ಕಾಯುವ ಮೊದಲೇ ಇಂಜಿನ್ ನಿಲ್ಲುವುದರಿಂದ, ಸಿಲಿಂಡರಿನಿಂದ ಜಾರಿ ಎಣ್ಣೆಗೆ ಸೇರಿದ ಪೆಟ್ರೋಲು ಮತ್ತು ತೇವ ಆವಿಯಾಗಿ ಹೋಗುವುದಿಲ್ಲ. ಎಣ್ಣೆ ತೆಳುವಾಗುತ್ತಾ ಬರುತ್ತದೆ. ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದು ಕಂಡರೆ ಅದು ಎಚ್ಚರಿಕೆ.

ಇನ್ನೊಂದು ಅಭ್ಯಾಸಕ್ಕೆ ಕಾಸಿನ ಖರ್ಚೂ ಇಲ್ಲ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದ ಕೂಡಲೇ ಇಂಜಿನ್ ನಿಲ್ಲಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಟರ್ಬೊದ ಶಾಖ ನಿಲ್ಲುವುದಿಲ್ಲ. ಅಲ್ಲೇ ಸಿಕ್ಕಿಬಿದ್ದ ಎಣ್ಣೆ ಒಗ್ಗರಣೆ ಸೌಟಿನ ತಳದ ಕಪ್ಪು ಜಿಡ್ಡಿನಂತೆ ಸುಟ್ಟು ಗಟ್ಟಿಯಾಗುತ್ತದೆ. ಇಂದಿನ ಹಲವು ಕಾರುಗಳಲ್ಲಿ ಇಂಜಿನ್ ನಿಂತ ಮೇಲೂ ಟರ್ಬೊಗೆ ನೀರು ಹರಿಸುವ ಏರ್ಪಾಡು ಇದೆ. ಆದರೂ ಕೊನೆಯ ಒಂದು ನಿಮಿಷ ಇಂಜಿನ್ನನ್ನು ಸುಮ್ಮನೆ ತಿರುಗಲು ಬಿಡುವುದು ಒಳ್ಳೆಯದು.

ಎಣ್ಣೆ ಕೊಳ್ಳುವಾಗ ಮುಚ್ಚಳದ ಸೀಲು ನೋಡಿ, ಬಿಲ್ಲು ಪಡೆಯಬೇಕು. ಖಾಲಿ ಡಬ್ಬಿಗೆ ತೂತು ಹಾಕಿಸಿದರೆ ಅದರಲ್ಲಿ ಕಲಬೆರಕೆ ಎಣ್ಣೆ ತುಂಬಿ ಮಾರುವವರಿಗೆ ದಾರಿ ಮುಚ್ಚುತ್ತದೆ. ಮನೆಯಲ್ಲೇ ಎಣ್ಣೆ ಬದಲಿಸುವವರು ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲಬಾರದು. ಕೇಂದ್ರ ಸರ್ಕಾರದ 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಮೋರಿಯ ನೀರು ಕೊನೆಗೆ ಸೇರುವುದು ಊರಿನ ಯಾವುದೋ ಕೆರೆಯನ್ನೇ.

ಬಹಳ ಮನೆಗಳಲ್ಲಿ ಕಾರಿನ ಕೈಪಿಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೇ ಉಳಿದಿರುತ್ತದೆ. ಹೈಸ್ಕೂಲು ಓದುವ ಹುಡುಗ ಹುಡುಗಿಯರು ಅದನ್ನು ಹೊರತೆಗೆದು, ಎಣ್ಣೆಯ ಪುಟ ಹುಡುಕಿ, ಅಲ್ಲಿರುವ ಅಂಕಿ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು ಅಪ್ಪ ಅಮ್ಮನ ಕೈಗೆ ಕೊಡಬಹುದು. ಮುಂದಿನ ಸಲ ಅಂಗಡಿಯಲ್ಲಿ 'ಯಾವ ಎಣ್ಣೆ ಕೊಡಲಿ ಸಾರ್?' ಎಂದು ಕೇಳಿದಾಗ ಆ ಚೀಟಿ ತೋರಿಸಿದರೆ ಸಾಕು.