ಎಳೆಯರನ್ನು ಕಣಕ್ಕಿಳಿಸಬೇಕೇ, ಕಾಯಿಸಬೇಕೇ?

ಕೊಯಮತ್ತೂರು: ಊರಿನ ಕ್ರಿಕೆಟ್ ತಂಡಕ್ಕೆ ಹದಿನಾರು ವರ್ಷದ ಹುಡುಗನೊಬ್ಬ ಬಂದಿದ್ದಾನೆ ಎನ್ನಿ. ಕೈ ಚುರುಕಾಗಿದೆ, ಧೈರ್ಯವೂ ಇದೆ. ಮುಂದಿನ ಟೂರ್ನಮೆಂಟಿನಲ್ಲೇ ಅವನನ್ನು ಆಡಿಸಬೇಕೋ, ಇನ್ನೊಂದು ವರ್ಷ ಹೊರಗೆ ಕೂರಿಸಿ ಕಲಿಸಬೇಕೋ?

ಅನ್ನೂರು, ಅವಿನಾಶಿ, ಪಲ್ಲಡಂ, ಉಡುಮಲೈ ಕಡೆಯ ಟೀ ಅಂಗಡಿಗಳಲ್ಲಿ ಈ ಪ್ರಶ್ನೆ ಬಂದರೆ ಎರಡು ಭಾಷೆಯಲ್ಲೂ ಜಗಳ ಗ್ಯಾರಂಟಿ. 'ಐದರಲ್ಲಿ ಬಗ್ಗದ್ದು ಐವತ್ತರಲ್ಲಿ ಬಗ್ಗೀತೇ?' ಎನ್ನುತ್ತಾರೆ ಒಬ್ಬರು. ಈ ಗಾದೆ ನಮಗೆ ತಮಿಳಿನಲ್ಲೂ ಗೊತ್ತು, ಕನ್ನಡದಲ್ಲೂ ಗೊತ್ತು. 'ತಾಳಿದವನು ಬಾಳಿಯಾನು' ಎನ್ನುತ್ತಾರೆ ಇನ್ನೊಬ್ಬರು. ಎರಡೂ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಮೊದಲಾದರೆ ಇದು ಬರೀ ಹರಟೆಯ ಮಾತಾಗಿತ್ತು. 2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಹಾಗಿಲ್ಲ. 2023ರಲ್ಲಿ ಕೊಯಮತ್ತೂರಿನ ಕೋವೈ ಕಿಂಗ್ಸ್ ಕಪ್ ಗೆದ್ದರೆ, 2025ರಲ್ಲಿ ತಿರುಪ್ಪೂರು ತಮಿಳನ್ಸ್ ಸರದಿ. ಕೋವೈ ಕಿಂಗ್ಸ್ ಪರ 2021ರಲ್ಲಿ ಆಡಿ ಹೆಸರು ಮಾಡಿದ ಸಾಯಿ ಸುದರ್ಶನ್ 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಅಪ್ಪ ಅಮ್ಮಂದಿರಿಗೆ ಮಗನ ಓದು ಬಿಡಿಸಿ ಅಕಾಡೆಮಿಗೆ ಹಾಕೋಣವೇ ಎಂಬ ಯೋಚನೆ ಬರುವುದು ಸಹಜ. ಹಾಗಾಗಿ ಉತ್ತರವನ್ನು ಸ್ವಲ್ಪ ನಿಧಾನವಾಗಿ ಹುಡುಕಬೇಕು.

ಐದು ವರ್ಷ ಕಾದ ಕಿರ್ಮಾನಿ

ಕ್ರಿಕೆಟ್ಟಿನಲ್ಲಿ ಬ್ಯಾಟ್ಸ್‌ಮನ್‌ಗೆ ಆರೇಳು ಜಾಗ ಇರುತ್ತದೆ. ವಿಕೆಟ್‌ಕೀಪರ್‌ಗೆ ಒಂದೇ ಜಾಗ. ಹಿರಿಯರೊಬ್ಬರು ಅಲ್ಲಿದ್ದರೆ ಕಿರಿಯ ಕಾಯಲೇಬೇಕು. ಕರ್ನಾಟಕದ ಸೈಯದ್ ಕಿರ್ಮಾನಿ ಹಾಗೆ ಕಾದವರು. 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಿಗೆ ತಂಡದ ಜೊತೆ ಹೋದರೂ ಒಂದೇ ಒಂದು ಟೆಸ್ಟ್ ಸಿಗಲಿಲ್ಲ. ಫಾರೂಖ್ ಎಂಜಿನಿಯರ್ ಇದ್ದರು. ಕೊನೆಗೆ 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಅವಕಾಶ ಬಂತು. ಆಗ ಅವರಿಗೆ 26 ವರ್ಷ. ಎರಡನೇ ಟೆಸ್ಟಿನಲ್ಲೇ ಒಂದು ಇನಿಂಗ್ಸ್‌ನಲ್ಲಿ ಆರು ಮಂದಿಯನ್ನು ಔಟ್ ಮಾಡಿ ಅಂದಿನ ವಿಶ್ವದಾಖಲೆ ಸರಿಗಟ್ಟಿದರು. ಮುಂದೆ 88 ಟೆಸ್ಟ್, 198 ಬಲಿ, 1983ರ ವಿಶ್ವಕಪ್.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಐದು ವರ್ಷ ಕಿರ್ಮಾನಿ ಸುಮ್ಮನೆ ಬೆಂಚಿನ ಮೇಲೆ ಕೂತಿರಲಿಲ್ಲ. ರಾಜ್ಯ ತಂಡದಲ್ಲಿ ಪ್ರಸನ್ನ, ಚಂದ್ರಶೇಖರ್ ಬೌಲಿಂಗ್‌ಗೆ ಕೀಪಿಂಗ್ ಮಾಡುತ್ತಿದ್ದರು. ಭಾರತ ತಂಡದಲ್ಲಿ ಹಿಡಿಯಬೇಕಾಗಿದ್ದೂ ಅದೇ ಬೌಲರ್‌ಗಳ ಚೆಂಡನ್ನೇ. 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ಈ ಮೂವರೂ ತಂಡದಲ್ಲಿದ್ದರು.

ಸಿರುಮುಗೈ ಕಡೆಯ ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಡುಗನನ್ನು ಮೊದಲ ದಿನವೇ ಜರಿ ಸೀರೆ ನೇಯಲು ಕೂರಿಸುವುದಿಲ್ಲ. ಹಾಗಂತ ಮೂಲೆಯಲ್ಲೂ ಕೂರಿಸುವುದಿಲ್ಲ. ಕಂಡಿಕೆ ಸುತ್ತುತ್ತಾನೆ, ಕಡಿದ ಎಳೆಗೆ ಗಂಟು ಹಾಕುತ್ತಾನೆ. ಕಾಯುತ್ತಿರುವಾಗಲೂ ಕೈಯಲ್ಲಿ ನೂಲಿರುತ್ತದೆ.

ಹದಿನೇಳಕ್ಕೇ ಇಳಿದ ಪಾರ್ಥಿವ್

ಇದಕ್ಕೆ ತದ್ವಿರುದ್ಧ ಕಥೆ ಗುಜರಾತಿನ ಪಾರ್ಥಿವ್ ಪಟೇಲ್ ಅವರದು. 2002ರಲ್ಲಿ ಇಂಗ್ಲೆಂಡಿನ ಟ್ರೆಂಟ್‌ಬ್ರಿಜ್‌ನಲ್ಲಿ ಟೆಸ್ಟ್ ಆಡಿದಾಗ ವಯಸ್ಸು 17. ಟೆಸ್ಟ್ ಇತಿಹಾಸದಲ್ಲೇ ಅತಿ ಕಿರಿಯ ವಿಕೆಟ್‌ಕೀಪರ್. ಆ ಹೊತ್ತಿಗೆ ಒಂದೂ ರಣಜಿ ಪಂದ್ಯ ಆಡಿರಲಿಲ್ಲ! ಎರಡನೇ ಇನಿಂಗ್ಸ್‌ನಲ್ಲಿ ಔಟಾಗದೆ 19 ರನ್ ಮಾಡಿ ಪಂದ್ಯ ಉಳಿಸಲು ನೆರವಾದರು. ಆದರೆ ಕೀಪಿಂಗ್‌ನಲ್ಲಿ ತಪ್ಪುಗಳು ಬಂದವು. 2004ರಲ್ಲಿ ಜಾಗ ಹೋಯಿತು. ತಮಿಳುನಾಡಿನ ದಿನೇಶ್ ಕಾರ್ತಿಕ್ ಬಂದರು, ಅವರ ಹಿಂದೆಯೇ 2005ರಲ್ಲಿ ಧೋನಿ.

ಪಾರ್ಥಿವ್ ಆಮೇಲೆ ರಣಜಿಯಲ್ಲಿ ಪಳಗಿದರು. 2016-17ರಲ್ಲಿ ಗುಜರಾತ್ ಮೊದಲ ಸಲ ರಣಜಿ ಗೆದ್ದಾಗ ಅವರೇ ನಾಯಕ, ಫೈನಲ್‌ನಲ್ಲಿ 143 ರನ್. ಆದರೆ ಅಷ್ಟರಲ್ಲಿ ಧೋನಿ ಯುಗ ಬಂದು ಹೋಗಿತ್ತು. ಮೊದಲು ಕಲಿಯಬೇಕಾದ್ದನ್ನು ಅವರು ಆಮೇಲೆ ಕಲಿಯಬೇಕಾಯಿತು.

ಅಮೆರಿಕದಲ್ಲೂ ಇದೇ ಜಗಳ

ಅಮೆರಿಕದವರು ಆಡುವ ಫುಟ್ಬಾಲ್ ನಮ್ಮ ಫುಟ್ಬಾಲ್ ಅಲ್ಲ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಇಡೀ ತಂಡದ ಆಟ ನಡೆಸುತ್ತಾನೆ. ಕೀಪರ್‌ನಂತೆ ಅವನಿಗೂ ಒಂದೇ ಜಾಗ. ಹಾಗಾಗಿ ಕಾಲೇಜಿನಿಂದ ಹೊಸಬ ಬಂದಾಗಲೆಲ್ಲ ಅಲ್ಲೂ ಇದೇ ವಾದ. ಆರನ್ ರಾಜರ್ಸ್ 2005ರಲ್ಲಿ ಬಂದು, ಬ್ರೆಟ್ ಫಾರ್ವ್ ಹಿಂದೆ ಮೂರು ವರ್ಷ ಕಾದು, ಮುಂದೆ ದೊಡ್ಡ ಹೆಸರಾದರು. ಪೇಟನ್ ಮ್ಯಾನಿಂಗ್‌ರನ್ನು 1998ರಲ್ಲಿ ಮೊದಲ ದಿನದಿಂದಲೇ ಆಡಿಸಿದರು. ಆ ವರ್ಷ ತಂಡ 16 ಪಂದ್ಯಗಳಲ್ಲಿ 13 ಸೋತಿತು. ಮ್ಯಾನಿಂಗ್ ಎಸೆದ 28 ಚೆಂಡುಗಳು ಎದುರಾಳಿಯ ಕೈ ಸೇರಿದವು. ಆದರೂ ತಂಡ ಅವರನ್ನು ಕೈಬಿಡಲಿಲ್ಲ. ಅವರೂ ದೊಡ್ಡ ಹೆಸರೇ ಆದರು.

ನಮ್ಮಲ್ಲಿ ಸಚಿನ್ ತೆಂಡೂಲ್ಕರ್ ಕಥೆಯೂ ಹಾಗೆಯೇ. 1989ರಲ್ಲಿ ಕರಾಚಿಯಲ್ಲಿ, 16ನೇ ವಯಸ್ಸಿನಲ್ಲಿ ಮೊದಲ ಟೆಸ್ಟ್. ಮೊದಲ ಶತಕ ಬಂದದ್ದು 1990ರ ಆಗಸ್ಟ್‌ನಲ್ಲಿ, ಒಂಬತ್ತನೇ ಟೆಸ್ಟಿನಲ್ಲಿ. ಅಲ್ಲಿಯವರೆಗೂ ಅವರ ಜಾಗಕ್ಕೆ ಯಾರೂ ಕೈ ಹಾಕಲಿಲ್ಲ. ಕರ್ನಾಟಕದ ಕರುಣ್ ನಾಯರ್‌ಗೆ ಆ ಭಾಗ್ಯ ಇರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ತಮ್ಮ ಮೂರನೇ ಟೆಸ್ಟಿನಲ್ಲೇ ಔಟಾಗದೆ 303 ಹೊಡೆದರು. ಇನ್ನು ಮೂರು ಟೆಸ್ಟ್ ಆಡಿದ ಮೇಲೆ ಹೊರಗೆ. ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ.

ವೇಗದ ಬೌಲರ್ ಲೆಕ್ಕವೇ ಬೇರೆ

ಬ್ಯಾಟ್ಸ್‌ಮನ್ ಬೇಗ ಇಳಿದರೆ ಸೊನ್ನೆಗೆ ಔಟಾಗಬಹುದು, ಅಷ್ಟೇ. ವೇಗದ ಬೌಲರ್ ಬೇಗ ಇಳಿದರೆ ಬೆನ್ನೇ ಕೆಡಬಹುದು. ಎಳೆಯ ವಯಸ್ಸಿನಲ್ಲಿ ಬೆನ್ನಿನ ಕೆಳಭಾಗದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪ್ರತಿ ಎಸೆತಕ್ಕೂ ಮೈ ತಿರುಚಿ ಕಾಲೂರಿದಾಗ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ವಿಶ್ರಾಂತಿಯಿಲ್ಲದೆ ಓವರ್ ಹೆಚ್ಚಾದರೆ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುತ್ತದೆ.

ಆಸ್ಟ್ರೇಲಿಯಾದ ಪ್ಯಾಟ್ ಕಮಿನ್ಸ್ 2011ರಲ್ಲಿ 18ನೇ ವಯಸ್ಸಿಗೆ ಟೆಸ್ಟ್ ಆಡಿ ಒಂದು ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತರು. ಆಮೇಲೆ ಗಾಯದ ಮೇಲೆ ಗಾಯ. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ನಮ್ಮ ರಾಂಚಿಯಲ್ಲಿ.

ಹಾಗಂತ ಅತಿಯಾಗಿ ಕಾಯಿಸಿದರೂ ನಷ್ಟವೇ. ಮೈಸೂರಿನ ಜಾವಗಲ್ ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಬಂದರೂ ಸ್ವದೇಶದಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರ ನವೆಂಬರ್‌ನಲ್ಲಿ, ಕಪಿಲ್ ದೇವ್ ನಿವೃತ್ತರಾದ ಮೇಲೆ. ಮುಂದೆ 236 ಟೆಸ್ಟ್ ವಿಕೆಟ್ ಪಡೆದರು. ಆ ಮೂರು ವರ್ಷವೂ ಆಡಿಸಿದ್ದರೆ ಇನ್ನೆಷ್ಟು ಆಗುತ್ತಿತ್ತೋ!

ಸೇಲಂ ಜಿಲ್ಲೆಯ ಪಾಠ

ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ರಣಜಿಗೆ ಬಂದ ಕೂಡಲೇ ಬೌಲಿಂಗ್ ಶೈಲಿಯ ಮೇಲೆ ಆಕ್ಷೇಪ ಬಂತು. ಅದನ್ನು ತಿದ್ದಿಕೊಂಡರು. 2017ರಲ್ಲಿ ಪಂಜಾಬ್ ತಂಡ 3 ಕೋಟಿ ಕೊಟ್ಟು ಕೊಂಡಿತು. ಒಂದೇ ವರ್ಷದಲ್ಲಿ ಬಿಟ್ಟಿತು. 2018, 2019ರಲ್ಲಿ ಹೈದರಾಬಾದ್ ತಂಡದಲ್ಲಿದ್ದರೂ ಒಂದೂ ಪಂದ್ಯ ಸಿಗಲಿಲ್ಲ. ಆದರೆ ಯಾರ್ಕರ್ ಅಭ್ಯಾಸ ನಿಲ್ಲಿಸಲಿಲ್ಲ. 2020ರಲ್ಲಿ ಅವಕಾಶ ಬಂದಾಗ 16 ವಿಕೆಟ್. ನೆಟ್ ಬೌಲರ್ ಆಗಿ ಆಸ್ಟ್ರೇಲಿಯಾಕ್ಕೆ ಹೋದವರು ಅದೇ ಪ್ರವಾಸದಲ್ಲಿ ಏಕದಿನ, ಟಿ20, ಟೆಸ್ಟ್ ಮೂರನ್ನೂ ಮೊದಲ ಬಾರಿಗೆ ಆಡಿದರು.

ಹಾಗಾದರೆ ನಾವೇನು ಮಾಡಬೇಕು?

ಇವರೆಲ್ಲರ ಕಥೆ ಒಟ್ಟಿಗೆ ಇಟ್ಟು ನೋಡಿದರೆ ವಯಸ್ಸಿನ ಲೆಕ್ಕ ಹಿಂದೆ ಸರಿಯುತ್ತದೆ. ಕಾಯುವಾಗ ಹುಡುಗನ ಕೈಗೆ ಕೆಲಸ ಇತ್ತೇ, ಸೋತಾಗ ಬೆನ್ನಿಗೆ ಯಾರಾದರೂ ಇದ್ದರೇ, ಇವೆರಡೇ ಉಳಿಯುತ್ತವೆ. ಊರಿನ ತಂಡ ನಡೆಸುವವರೂ ಹೆತ್ತವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು:

1. ಹುಡುಗನನ್ನು ಹೊರಗೆ ಕೂರಿಸುವುದಾದರೆ ಆ ವರ್ಷ ಅವನು ಬೇರೆಲ್ಲಿ ಆಡುತ್ತಾನೆ? ಶಾಲೆಯ ತಂಡವೋ, ಎರಡನೇ ತಂಡವೋ, ಡಿವಿಷನ್ ಲೀಗೋ? ಎಲ್ಲೂ ಇಲ್ಲ ಎಂದಾದರೆ ಅದು ಕಲಿಕೆಯಲ್ಲ.

2. ಆಡಿಸುವುದಾದರೆ ಎಷ್ಟು ಪಂದ್ಯ? ಐದೋ ಆರೋ ಎಂದು ಮೊದಲೇ ಹೇಳಿಬಿಡಿ. ಮೊದಲ ಸೊನ್ನೆಗೇ ತೆಗೆದುಹಾಕುವುದಾದರೆ ಇಳಿಸಲೇಬೇಡಿ.

3. ವೇಗದ ಬೌಲರ್ ಆದರೆ ವಾರಕ್ಕೆ ಎಷ್ಟು ಓವರ್ ಹಾಕುತ್ತಾನೆ ಎಂದು ಒಬ್ಬರು ಬರೆದಿಡಿ. ಊರ ತಂಡ, ಶಾಲೆ, ಅಕಾಡೆಮಿ ಮೂರೂ ಸೇರಿಸಿ. ಬೆನ್ನು ನೋವು ಎಂದರೆ ಎಣ್ಣೆ ಹಚ್ಚಿ ಆಡಿಸಬೇಡಿ, ಡಾಕ್ಟರಿಗೆ ತೋರಿಸಿ.

4. ಓದು ನಿಲ್ಲಿಸಬೇಕೇ? ಬೇಡ. ಕಿರ್ಮಾನಿ 26ಕ್ಕೆ ಟೆಸ್ಟ್ ಆಡಿದರು, ನಟರಾಜನ್ 29ಕ್ಕೆ. ಹತ್ತನೇ ತರಗತಿ ಮುಗಿಸುವಷ್ಟು ಸಮಯ ಯಾರಿಗಾದರೂ ಇದ್ದೇ ಇದೆ.